ನಂದಿಕೋಲು ವಾಲಿದ ಶ್ರಾವಣ

ಕಾನಹೊಸಹಳ್ಳಿಯ ಅಜ್ಜಯ್ಯ ಎಪ್ಪತ್ತು ದಾಟುವವರೆಗೆ ಯಾರ ಮುಂದೆಯೂ ತಲೆ ಬಾಗಿಸಿದವರಲ್ಲ, ಸ್ವಂತ ಮನೆಯ ಗಿಡ್ಡ ಬಾಗಿಲಿನ ಮುಂದೆಯೂ. ಹೀಗಾಗಿ ಅದರ ಮೇಲ್ಪಟ್ಟಿಯಲ್ಲಿ ಅವರ ಹಣೆ ತಾಗಿ ತಾಗಿ ಕೊಬ್ಬರಿ ಎಣ್ಣೆಯ ಕಲೆಯೊಂದು ಮಿರುಗುತ್ತಿತ್ತು.

ಶ್ರಾವಣದ ಕಡೇ ಸೋಮವಾರ ಊರ ಮೆರವಣಿಗೆಯಲ್ಲಿ ನಂದಿಕೋಲು ಹೊರುವವರು ಅವರೇ. ಆಳೆತ್ತರ ಮೀರಿದ ಕೋಲಿನ ಬುಡವನ್ನು ಸೊಂಟದ ಪಟ್ಟಿಯ ಚೀಲಕ್ಕೆ ಊರಿ ಕುಣಿಯಬೇಕು. ಬೆನ್ನು ಸೆಟೆದಿದ್ದರೆ ಕೋಲು ನಿಂತೀತು.

ಈ ಸಲ ಅಂಗಳದಲ್ಲಿ ತಾಲೀಮಿಗೆ ಎತ್ತಿದರೆ ಕೋಲು ಮುಂದಕ್ಕೆ ವಾಲಿತು. ಮತ್ತೆ ಎತ್ತಿದರು, ಮತ್ತೆ ವಾಲಿತು.

"ಕೋಲು ಸೊಟ್ಟ ಆಗೇತಿ," ಎಂದು ತೀರ್ಪಿತ್ತರು. ಬಡಿಗೇರ ಮೌನೇಶ ದಾರ ಹಿಡಿದು ನೋಡಿ, "ಬಾಣ ಇದ್ದಂಗ ಐತ್ರಿ ಯಜಮಾನ್ರ," ಎಂದ.

"ಹಂಗಾದ್ರ ಅಂಗಳ ಇಳಿಜಾರು."

ಹೆಂಡತಿ ಕೊಟ್ರಮ್ಮ ಒಳಗಿನಿಂದಲೇ ಕೇಳಿದರು: "ನೀವು ಬಾಗಿಲಿಗೆ ತಲಿ ಬಡ್ಕೊಂಡು ಎಷ್ಟು ದಿನ ಆತು?"

"ಬಾಗಿಲಿಗೆ ಈಗ ಬುದ್ಧಿ ಬಂದೈತಿ."

ಕೊನೆಗೆ ಕೂಡ್ಲಿಗಿಯ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. "ನೋಡ್ರಿ, ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತಿ ಸವದೈತಿ. ಸೊಂಟದ ಬಾಗು ಕಡಿಮಿ ಆಗಿ ಮ್ಯಾಲಿನ ಬೆನ್ನು ಮುಂದಕ್ಕ ಬಂದೈತಿ. ಬೀಳಬಾರದಂತ ಮೊಣಕಾಲು ತಾವಾ ಮಡಚ್ಕೊಂಡಾವು. ವಯಸ್ಸಾದವ್ರಿಗೆ ಆಗೋದಾ. ದಿನಾ ಬೆನ್ನಿನ ವ್ಯಾಯಾಮ ಮಾಡ್ರಿ."

"ಅಂದ್ರ ಕೋಲಿನ ತಪ್ಪಿಲ್ಲಂತೀರಿ?"

"ಕೋಲಿನ ಎಕ್ಸ್‌ರೇ ತಂದಿಲ್ಲಲ್ರಿ ನೀವು. ತಂದ್ರೂ ನೀವು ಮಾತ್ರ ಇನ್ನ ಅದನ್ನ ಹೊರೋದು ಬ್ಯಾಡ."

ಮನೆಗೆ ಬಂದ ಮೇಲೆ ಕೊಟ್ರಮ್ಮ ಈ ಸಲ ಕೋಲು ಹೊರಲು ಪಕ್ಕದ ಮನೆಯ ಗವಿಸಿದ್ದೇಶನ ಹೆಸರೆತ್ತಿದರು. ಅವನು ಅಜ್ಜಯ್ಯನ ತಮ್ಮನ ಮಗ.

"ಅವನಾ? ಮೂವತ್ತಕ್ಕಾ ನನಗಿಂತ ಬಾಗ್ಯಾನ. ಬಾವ್ಯಾಗ ಬಿದ್ದ ಬಿಂದಿಗಿ ಹುಡುಕಿದಂಗ ಮೊಬೈಲ್ ನೋಡ್ತಾನ."

ಆದರೆ ಸೋಮವಾರ ಯಾರಿಗೂ ಕಾಯುವುದಿಲ್ಲ. ದಿನಾ ಸಂಜೆ ಅಂಗಳದಲ್ಲಿ ಬಾಗಿದ ಬೆನ್ನೊಂದು ಇನ್ನೊಂದು ಬಾಗಿದ ಬೆನ್ನಿಗೆ ಪಾಠ ಹೇಳತೊಡಗಿತು. "ಎದಿ ಎತ್ತಲೇ! ನೆಲದಾಗ ಏನೂ ಬಿದ್ದಿಲ್ಲ!"

"ನೀವೂ ಎತ್ರಿ ದೊಡ್ಡಪ್ಪಾ, ನೋಡಿ ಕಲಿತೀನಿ."

"ಬಾಯಿ ನೆಟ್ಟಗ ಐತಿ, ಬೆನ್ನಷ್ಟಾ ಸೊಟ್ಟ."

ಸೋಮವಾರ ಅಜ್ಜಯ್ಯನೇ ಅವನ ಸೊಂಟಕ್ಕೆ ಪಟ್ಟಿ ಬಿಗಿದರು. ಗಂಟು ಹಾಕಿದ ಮೇಲೂ ಪಟ್ಟಿಯಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸಮಾಳ ವಾದ್ಯ ಮೊಳಗಿತು. ಕೋಲು ನಿಂತಿತು. ಅಜ್ಜಯ್ಯ ಅದರ ಮುಂದೆ ನಡೆದರು. ಕಟ್ಟೆಯ ಮೇಲಿನ ಮೈಲಪ್ಪ ಕೈಮುಗಿದು, "ನೋಡ್ರಿ, ನಂದಿಕೋಲಿನ ಮುಂದ ಅಜ್ಜಯ್ಯಾರ ವಿನಯ! ತಲಿನಾ ಎತ್ತವಲ್ಲರು!" ಎಂದ.

ಜೀವಮಾನದಲ್ಲಿ ಮೊದಲ ಬಾರಿ ಇಂಥ ಆರೋಪ. ಅಜ್ಜಯ್ಯ ಸಿಟ್ಟಿನಿಂದ ಸೆಟೆದು ನಿಲ್ಲಲು ಹೋದರು, ಸೊಂಟ ಹಿಡಿಯಿತು. ಬೇರೆ ದಾರಿಯಿಲ್ಲದೆ ಊರು ಮುಗಿಯುವವರೆಗೆ ವಿನಯವಂತರಾಗಿಯೇ ನಡೆದರು.

ಮೆರವಣಿಗೆ ಮುಗಿಯಿತು. ಕೋಲನ್ನು ಗೋಡೆಗೆ ಒರಗಿಸಿ ಗವಿಸಿದ್ದೇಶ ಎದೆಯುಬ್ಬಿಸಿಕೊಂಡು ನೀರು ಕುಡಿಯಲು ದೊಡ್ಡಪ್ಪನ ಮನೆಗೆ ನುಗ್ಗಿದ. ಮೇಲ್ಪಟ್ಟಿ ಠಣ್ಣೆಂದಿತು.

ಕೊಟ್ರಮ್ಮ ಅರಿಶಿನಕ್ಕೆ ಓಡಿದರು. ಅಜ್ಜಯ್ಯ ಮಾತ್ರ ಎಣ್ಣೆಯ ಕಲೆಯ ಕಡೆ ಕತ್ತೆತ್ತಿ ನೋಡಿ, ಹಣೆ ಉಜ್ಜಿಕೊಳ್ಳುತ್ತಿದ್ದವನ ಬೆನ್ನು ತಟ್ಟಿದರು.

"ಮುಂದಿನ ವರ್ಷಾನೂ ನೀನಾ ಹೊರು."