ಉಣ್ಣಿ ಯಾವ ಊರಿನದು?

ಶಹಾಪುರಕ್ಕೆ ಬಂದ ವಾರವೇ ಪಕ್ಕದ ಮನೆಯ ಶರಣಮ್ಮ ಹೇಳದೆ ಕೇಳದೆ ನನ್ನ ಕಿವಿ ಮಡಚಿ, ದನದ ಉಣ್ಣಿ ಕಚ್ಚಿಕೊಂಡಿದೆಯೇ ಎಂದು ನೋಡಿದಳು. ನಾನು ಕಾಲುವೆ ದಂಡೆಯಲ್ಲಿ ವಾಕಿಂಗ್ ಮುಗಿಸಿ ಬಂದಿದ್ದೆ, ಅಷ್ಟೇ. ಮಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ರಿಬ್ಬನ್ ಸರಿಮಾಡುವಾಗಲೂ ‘ಎಕ್ಸ್‌ಕ್ಯೂಸ್ ಮಿ’ ಅನ್ನುತ್ತಿದ್ದರು.

ಯಜಮಾನರಿಗೆ ಕಾಲುವೆ ಕೆಲಸ. ಅವರು ತೀರಿಕೊಂಡ ಮೇಲೂ ನಾನು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ ಇಲ್ಲೇ ಉಳಿದೆ. ನೀರು ಬಂತೆಂದು ಆಂಧ್ರದಿಂದ ಬಂದು ಭತ್ತ ಹಾಕಿದವರ ಬಿಡಾರಕ್ಕೆ ಇಲ್ಲಿ ‘ಕ್ಯಾಂಪು’ ಎನ್ನುತ್ತಾರೆ. ಕ್ಯಾಂಪಿನ ವೆಂಕಾಯಮ್ಮ ನಮ್ಮ ಓಣಿಗೆಲ್ಲ ಎಮ್ಮೆ ಹಾಲು ಹಾಕುತ್ತಿದ್ದಳು.

ಒಂದು ಬೇಸಿಗೆ ಶರಣಮ್ಮನ ಸೊಸೆ ರೇಣುಕಾಳ ತೊಡೆಯ ಮೇಲೆ ಬಳೆಯಷ್ಟು ಕೆಂಪು ವೃತ್ತ ಎದ್ದು ಜ್ವರ ಬಂತು. ಉಣ್ಣಿಯಿಂದ ಬರುವ ಲೈಮ್ ಕಾಯಿಲೆ ಇದ್ದೀತು ಎಂದು ಡಾಕ್ಟರ್ ಮಾತ್ರೆ ಕೊಟ್ಟರು. ಜ್ವರ ಇಳಿಯಿತು, ಅನುಮಾನ ಏರಿತು.

“ಅಕಿ ಎಮ್ಮಿ ಬರೂಕಿಂತ ಮದ್ಲ ಈ ರೋಗ ಇತ್ತೇನ್ರಿ ಅಕ್ಕೋರ ನಮ್ಮೂರಾಗ?” ಶರಣಮ್ಮ ಕೇಳಿದಳು. ಇಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುವುದು.

ಓಣಿ ಹಾಲು ನಿಲ್ಲಿಸಿತು. ಇನ್ನು ಎಮ್ಮೆ ಮಾರಿ ವಾಪಸು ಹೋಗಬೇಕು ಎಂದು ವೆಂಕಾಯಮ್ಮ ಗೋಳಾಡಿದಳು.

ಬ್ಯಾಕ್ಟೀರಿಯಾಗಳ ಮೇಲೆ ರಿಸರ್ಚ್ ಮಾಡುವ ನನ್ನ ತಂಗಿಯ ಮಗಳು ಶಾಲಿನಿಯನ್ನು ಕರೆಸಿದೆ. ಶರಣಮ್ಮ ತನ್ನ ಆಡುಗಳ ಉಣ್ಣಿಯನ್ನು ತಾನೇ ಕಿತ್ತು ಬಾಟಲಿಗೆ ಹಾಕಿಕೊಟ್ಟಳು, ಕೋರ್ಟಿಗೆ ಸಾಕ್ಷಿ ಒಪ್ಪಿಸಿದವಳ ಹಾಗೆ. ವೆಂಕಾಯಮ್ಮ ಎಮ್ಮೆಗೆ ಅಡ್ಡ ನಿಂತಳು. ಊರವರೇ ನನ್ನನ್ನು ಕಳಿಸಿದ್ದಾರೆಂದು ಅವಳ ಗುಮಾನಿ. ಹೇಗೋ ಒಪ್ಪಿಸಿ ಎಮ್ಮೆಯ ಉಣ್ಣಿಯನ್ನೂ ಇನ್ನೊಂದು ಬಾಟಲಿಗೆ ಹಾಕಿದ್ದಾಯಿತು.

ತಿಂಗಳುಗಳ ನಂತರ ಶಾಲಿನಿ ಫೋನ್ ಮಾಡಿದಳು. “ಆಂಟಿ, ಎರಡೂ ಬಾಟಲಿಯಲ್ಲಿ ಲೈಮ್ ಜಾತಿಯದೇ ಬ್ಯಾಕ್ಟೀರಿಯಾ ಇದೆ. ಆದ್ರೆ ಒಂದೇ ಥರ ಅಲ್ಲ. ಒಂದೊಂದು ಉಣ್ಣಿಯೊಳಗೇ ಎರಡು ಮೂರು ಸ್ಟ್ರೇನ್, ಎಲ್ಲ ಕಸಿನ್ಸ್ ಇದ್ದ ಹಾಗೆ. ಆ ಕಡೇದೂ ಈ ಕಡೇದೂ ಕಲೆತುಹೋಗಿವೆ. ಯಾವುದು ಮೊದಲು ಬಂತು ಅಂತ ನಾನು ಹೇಳಲಾರೆ.”

ಆಡು, ಎಮ್ಮೆ ಎಲ್ಲ ಒಂದೇ ದಂಡೆಯಲ್ಲಿ ಮೇಯುತ್ತವಲ್ಲ! ಶರಣಮ್ಮ ಒಪ್ಪಲಿಲ್ಲ. “ಇಷ್ಟೂ ಗೊತ್ತಾಗಲಿಲ್ಲಂದ್ರ ಏನ್ ಓದ್ಯಾಳ್ರಿ ಆ ಹುಡುಗಿ?”

ಮರುದಿನ ಓಣಿಯ ಎದುರಿಗೇ ನಾನು ವೆಂಕಾಯಮ್ಮನ ಹತ್ತಿರ ಹಾಲು ಹಾಕಿಸಿಕೊಂಡೆ. ನನ್ನ ಹಿಂದೆ ರೇಣುಕಾ, ಅತ್ತೆಯ ಮುಖ ನೋಡದೆ, ತಂಬಿಗೆ ಹಿಡಿದು ಬಂದು ನಿಂತಳು. ಶರಣಮ್ಮ ಸೊಸೆಯನ್ನು ಬಿಟ್ಟು ನನ್ನತ್ತ ತಿರುಗಿದಳು.

“ನೀವು ಅಕಿ ಕಡೀನ ಬಿಡ್ರಿ ಅಕ್ಕೋರ,” ಎಂದಳು ನನಗೆ. “ನೀವೂ ಕಾಲುವಿ ಜೋಡಿ ಬಂದೋರು.”

ವೆಂಕಾಯಮ್ಮ ನನ್ನ ಪಾತ್ರೆಗೆ ಇನ್ನಷ್ಟು ಹಾಲು ಸುರಿದು, ತನ್ನ ತೆಲುಗುಗನ್ನಡದಲ್ಲಿ ಮೆಲ್ಲಗೆ, “ಈ ಊರೋರಲ್ಲಿ ನೀವೊಬ್ರೇ ಒಳ್ಳೆಯೋರು,” ಎಂದಳು.