ನಾಯಿಗೆ ಬಂದ ವಾಣ

ನಾಯಿ ನೀರು ಕುಡಿಯುವ ಬಟ್ಟಲಿನ ಒಳಗನ್ನು ಬೆರಳಿನಿಂದ ಸವರಿ ನೋಡಿದವರಿಗೆ ಮಾತ್ರ ನನ್ನ ಸಂಕಟ ಅರ್ಥವಾದೀತು. ಮೇಲೆ ನೀರು ತಿಳಿಯಾಗಿಯೇ ಕಾಣುತ್ತದೆ. ತಳದಲ್ಲಿ ಬೆಂಡೆಕಾಯಿಯ ಲೋಳೆಯಂಥದೊಂದು ಹಿಡಿದು ಕುಳಿತಿರುತ್ತದೆ. ಅದನ್ನು ತಿಕ್ಕಿ ತೊಳೆದ ಕೈಯಿಂದ ಊಟಕ್ಕೆ ಕುಳಿತರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಮೊದಲಿನಿಂದಲೂ ನನಗೆ ಹೇಸಿಗೆ ಹೆಚ್ಚು. ಎಂಜಲು, ಮುಸುರೆ ಎಂದರೆ ಮೈ ಮುದುಡುತ್ತದೆ. ಇಂಥವಳಿಗೆ ತೊಂಬತ್ತರ ದಶಕದ ಕೊನೆಯಲ್ಲಿ, ನಾಗಪುರದ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಬುಡದಲ್ಲಿ ಒಂದು ನಾಯಿ ಗಂಟುಬಿತ್ತು. ಅದರ ಬೆನ್ನಿಗೆ ಒಂದು ಬೆಕ್ಕು. ಎರಡಕ್ಕೂ ಆಶ್ರಯ ಕೊಟ್ಟವರು ನನ್ನ ಗಂಡ. "ಬಾಯಿಲ್ಲದ ಪ್ರಾಣಿ ಅದಾವ, ಒಂದೀಟು ನೀರು ಇಡು" ಎಂದು ಹೇಳಿ ಆಫೀಸಿಗೆ ಹೊರಡುವ ಪುಣ್ಯ ಅವರದು, ಬಟ್ಟಲು ತೊಳೆಯುವ ಕರ್ಮ ನನ್ನದು. ಬಾಯಿಲ್ಲದ ಪ್ರಾಣಿಯಂತೆ. ಆ ಜೊಲ್ಲೆಲ್ಲ ಮತ್ತೆಲ್ಲಿಂದ ಬರುತ್ತಿತ್ತೋ.

ಎಂಥ ಬಟ್ಟಲು ಇಡಬೇಕು ಎನ್ನುವುದೇ ದೊಡ್ಡ ತಲೆನೋವಾಯಿತು. ಐಸ್‌ಕ್ರೀಮಿನ ಡಬ್ಬಿ ಇಟ್ಟರೆ ನಾಗಪುರದ ಬಿಸಿಲಿಗೆ ಪ್ಲಾಸ್ಟಿಕ್ ಕಾದು ನೀರು ನಾರುತ್ತಿತ್ತು, ನಾಯಿ ಮೂಸಿ ಮುಖ ತಿರುಗಿಸುತ್ತಿತ್ತು. ಅಲ್ಯುಮಿನಿಯಂ ತಟ್ಟೆಯನ್ನು ಮೂಗಿನಿಂದ ತಳ್ಳುತ್ತ ಅಂಗಳದವರೆಗೂ ಒಯ್ಯುತ್ತಿತ್ತು. ಮಣ್ಣಿನ ಕುಂಡದಲ್ಲಿ ನೀರೇನೋ ತಂಪು, ಆದರೆ ನಾಲ್ಕು ದಿನಕ್ಕೆ ಒಳಗೆಲ್ಲ ಹಸಿರು ಪಾಚಿ. ಬೆಕ್ಕಿನ ಮಿಜಾಜು ಬೇರೆ. ಆಳದ ಬಟ್ಟಲಿನಲ್ಲಿ ಅದರ ಮೀಸೆ ತಾಗಬಾರದು. ಹಾಲನ್ನವನ್ನು ಪಂಜದಿಂದ ಹೊರಗೆಳೆದು ನೆಲದ ಮೇಲೆ ಹರಡಿ ತಿನ್ನುತ್ತಿತ್ತು. ಆಮೇಲೆ ಇರುವೆಗಳ ಸಂತೆ.

ಕೊನೆಗೆ ನಾನು ಕೈ ಹಾಕಿದ್ದು ಅಟ್ಟದ ಮೇಲಿನ ವಾಣದ ರಾಶಿಗೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಅಲ್ಲಿ ಮನೆಮನೆಯಲ್ಲೂ ಮುತ್ತೈದೆಯರನ್ನು ಕರೆದು ಅರಿಸಿನ ಕುಂಕುಮ ಕೊಡುತ್ತಾರೆ, ಜೊತೆಗೆ ಒಂದು ಸಣ್ಣ ವಸ್ತು. ನಮ್ಮ ಬಾಗಿನದಂತೆ ಅವರದು ವಾಣ. ಹೆಚ್ಚಿನವು ಉಫ್ ಎಂದರೆ ಹಾರುವ ಬಟ್ಟಲುಗಳು. ಕೊಟ್ಟವರು ನಮ್ಮ ಮೆಟ್ಟಿಲು ಹತ್ತುವವರಲ್ಲ ಎಂದು ಖಾತ್ರಿ ಮಾಡಿಕೊಂಡೇ ನಾಯಿಯ ಮುಂದೆ ಇಡುತ್ತಿದ್ದೆ. ಮರ್ಯಾದೆ ಎನ್ನುವುದೊಂದಿದೆಯಲ್ಲ. ಅವೂ ಗಾಳಿಗೆ ಹಾರಿಹೋದ ಮೇಲೆ ಮತ್ತೆ ಪ್ಲಾಸ್ಟಿಕ್ ಡಬ್ಬಿಯೇ ಗತಿಯಾಯಿತು.

ಕಣ್ಣಿಗೊತ್ತಿಕೊಳ್ಳುವಂಥ ವಾಣ ಕೊಡುತ್ತಿದ್ದವರು ಕೆಳಗಿನ ಮನೆಯ ಕಾಕು ಒಬ್ಬರೇ. ಕಾಕು ಎಂದರೆ ಅಲ್ಲಿ ಚಿಕ್ಕಮ್ಮ. ಆ ಓಣಿಯವರೆಲ್ಲರ ಮಾತು ಮರಾಠಿ, ಆದರೆ ನನ್ನ ನೆನಪಿನಲ್ಲಿ ಅವರು ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾರೆ. ಆ ವರ್ಷ ದೀಪಾವಳಿಗೇ ಇತವಾರಿಯ ಪಾತ್ರೆ ಅಂಗಡಿಯಿಂದ ಅಗಲ ಬಾಯಿಯ, ಕೈಗೆ ಭಾರ ಹತ್ತುವ ಸ್ಟೀಲಿನ ಬಟ್ಟಲು ತಂದು, ಒಂದೊಂದರ ಮೇಲೂ ತಮ್ಮ ಹೆಸರು ಕೆತ್ತಿಸಿದ್ದರು. ಹೆಸರಿಗೆ ಮೊದಲು 'ಸೌ.' ಸೌಭಾಗ್ಯವತಿ. ಸಂಕ್ರಾಂತಿಗೆ ಇನ್ನೂ ತಿಂಗಳಿರುವಾಗ ಹಿಂಗಣಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರ ಗಂಡ ಎದೆನೋವೆಂದು ಮಲಗಿದವರು ಏಳಲಿಲ್ಲ.

ಆ ಸಲ ಕಾಕುವನ್ನು ಅರಿಸಿನ ಕುಂಕುಮಕ್ಕೆ ಬೇರೆ ಯಾರೂ ಕರೆಯಲಿಲ್ಲ. ನಾನು ಕರೆಯಲು ಹೊರಟಾಗ ಮೇಲಿನ ಮನೆಯಾಕೆ ಮೆಟ್ಟಿಲಲ್ಲೇ ತಡೆದು, "ಅವರನ್ನ ಕರೀಬ್ಯಾಡ್ರಿ. ಬಾಕಿ ಮಂದಿ ಬರೂದಿಲ್ಲ, ನಾನಂತೂ ಬರೂದಿಲ್ಲ" ಎಂದಳು. ಹಿಂದಿನ ವರ್ಷ ಕಾಕುವಿನ ಕೈಯಿಂದ ಕುಂಕುಮ ಹಚ್ಚಿಸಿಕೊಂಡ ಹಣೆಯೇ ಅದು. ನನಗೆ ಅಸಹ್ಯವೆನಿಸಿತು, ಕಾಕುವಿನ ಬಾಗಿಲಿಗೆ ಹೋಗಿ ಕರೆದೇ ಬಂದೆ. ಅವರು ಬರಲಿಲ್ಲ.

ಮರುದಿನ ನಾನು ಮೂಗು ಮುಚ್ಚಿಕೊಂಡು ಪ್ಲಾಸ್ಟಿಕ್ ಡಬ್ಬಿ ತೊಳೆಯುತ್ತಿದ್ದೆ. ಕಾಕು ಹೊರಗೆ ಬಂದು ಹೊಸ ಬಟ್ಟಲೊಂದನ್ನು ನಾಯಿಯ ಮುಂದಿಟ್ಟು ನೀರು ಸುರಿದರು. ಅದು ಹಿಂದೆಮುಂದೆ ನೋಡದೆ ಕುಡಿಯಿತು.

"ವಾಣಕ್ಕಂತ ತಂದಿದ್ದೆ" ಎಂದರು. "ನನ್ನ ಕೈಯಿಂದ ಇನ್ನ ಯಾರು ತಗೋತಾರ. ಇದಕ್ಕರ ಬರೋಬರ್ ಆತು."

ಹೆಸರಿದ್ದ ಜಾಗ ಒರಟಾಗಿ ಮಸುಕಾಗಿತ್ತು. ಗಂಡನ ಹತಾರಗಳ ಡಬ್ಬಿಯಿಂದ, ಕಬ್ಬಿಣ ಉಜ್ಜುವ ಅರ ತೆಗೆದು ಅಷ್ಟೂ ಬಟ್ಟಲುಗಳ ಮೇಲಿನ ಹೆಸರನ್ನು ತಾವೇ ತಿಕ್ಕಿ ಅಳಿಸಿದ್ದರು. 'ಸೌ.' ಒಂದನ್ನೇ ಅಳಿಸಲು ಹೋಗಿ, ಉಳಿದ ಹೆಸರನ್ನು ನೋಡಲಾರದೆ ಅದನ್ನೂ ಅಳಿಸಿದರಂತೆ.

ನನಗೂ ಒಂದು ಕೊಡಿ ಎಂದು ಸೆರಗೊಡ್ಡಿದೆ. ಕಾಕು ಕೈ ಹಿಂದಕ್ಕೆಳೆದುಕೊಂಡರು. "ಬ್ಯಾಡ ಮಗಳ. ನಿನ್ನ ಗಂಡ ನೂರು ವರ್ಷ ಬಾಳಲಿ." ಆ ಹೊಲಸು ನಂಬಿಕೆ ಅವರೊಳಗೂ ಇಳಿದಿತ್ತು. ಬಟ್ಟಲಿನ ಲೋಳೆಗಾದರೂ ಬೂದಿ ಇದೆ, ಇದಕ್ಕೆ ಏನು ಹಾಕಿ ತಿಕ್ಕುವುದು?

ಉಳಿದ ಬಟ್ಟಲುಗಳು ಬೇವಿನ ಬುಡಕ್ಕೆ, ಗೇಟಿನ ಪಕ್ಕಕ್ಕೆ, ನಲ್ಲಿಯ ಹತ್ತಿರಕ್ಕೆ, ಓಣಿಯ ಮೂಲೆಮೂಲೆಗೂ ಹೋದವು. ನಿಜ ಹೇಳಬೇಕೆಂದರೆ ನಾಯಿ ಬೆಕ್ಕುಗಳಿಗೆ ಅದಕ್ಕಿಂತ ಒಳ್ಳೆಯ ಪಾತ್ರೆ ನಾನು ಕಂಡಿಲ್ಲ. ತಳ್ಳಿದರೆ ಜರುಗುವುದಿಲ್ಲ, ನಾರುವುದಿಲ್ಲ, ಒಮ್ಮೆ ತಿಕ್ಕಿದರೆ ಲೋಳೆ ಹೋಗುತ್ತದೆ. ಬಾಯಿ ಅಗಲವಿದ್ದದ್ದರಿಂದ ಬೆಕ್ಕಿನ ಮೀಸೆಗೂ ಅಡ್ಡಿಯಿಲ್ಲ. ಮೇ ತಿಂಗಳಲ್ಲಿ ಓಣಿಯ ನಾಯಿಗಳೆಲ್ಲ ಮುತ್ತೈದೆಯರ ವಾಣದಲ್ಲಿ ನೀರು ಕುಡಿದವು.

ಮೇಲಿನ ಮನೆಯಾಕೆಗೆ ಅದನ್ನು ನೋಡಿ ಹೊಟ್ಟೆಯುರಿ. "ಇಷ್ಟು ಚಲೋ ಸ್ಟೀಲು ನಾಯಿಗೆ ಇಡೂದೇನ್ರಿ?" ಎಂದು ನನ್ನನ್ನು ಕೇಳಿದಳು.

"ಕಾಕು ಕೊಟ್ಟಿದ್ರ ನೀವು ತಗೋತಿದ್ರೇನು?" ಎಂದೆ. ಆಕೆ ಕೂಲರಿಗೆ ನೀರು ತುಂಬುವುದಿದೆ ಎಂದು ಹೊರಟುಹೋದಳು.

ಮಳೆಗಾಲ ಬರುವಷ್ಟರಲ್ಲಿ ಬಟ್ಟಲುಗಳು ಒಂದೊಂದಾಗಿ ಮಾಯವಾದವು. ಮೆಟ್ಟಿಲ ಬುಡದ್ದು ಕೂಡ. ಗುಜರಿಯವನ ಕೆಲಸವೆಂದು ತಿಳಿದು ಅವನನ್ನು ಬಾಯಿಗೆ ಬಂದಂತೆ ಬೈದೆವು. ನಾಯಿಗೆ ಮತ್ತೆ ಪ್ಲಾಸ್ಟಿಕ್ ಡಬ್ಬಿ ಬಂತು, ನನಗೆ ಮತ್ತೆ ವಾಕರಿಕೆ.

ಮುಂದಿನ ಸಂಕ್ರಾಂತಿಗೆ ಮೇಲಿನ ಮನೆಯಲ್ಲಿ ಅರಿಸಿನ ಕುಂಕುಮ. ಗಂಡನ ಒತ್ತಾಯಕ್ಕೆ ಹೋದೆ. ಹಣೆಗೆ ಕುಂಕುಮ ಹಚ್ಚಿ, ಕಡಲೆಯ ಉಸಳಿ ತುಂಬಿದ ಬಟ್ಟಲನ್ನು ಕೈಗಿಟ್ಟಳು. ಕೈಗೆ ಭಾರ ಹತ್ತಿತು. ಹೆಬ್ಬೆರಳು ಅಂಚಿನ ಕೆಳಗೆ ಒರಟು ಜಾಗವೊಂದರ ಮೇಲೆ ಹೋಗಿ ನಿಂತಿತು. ಸುತ್ತ ನೋಡಿದೆ. ಎಲ್ಲರ ಕೈಯಲ್ಲೂ ಅವೇ ಬಟ್ಟಲುಗಳು, ಎಲ್ಲರೂ ಉಸಳಿ ತಿನ್ನುತ್ತಿದ್ದರು. ಒಬ್ಬಾಕೆಯಂತೂ ತಳದ ಒಗ್ಗರಣೆಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು. ವಿಧವೆಯ ಕೈಯಿಂದ ಬಂದರೆ ಮೈಲಿಗೆ, ನಾಯಿಯ ಬಾಯಿಂದ ಕದ್ದು ತಂದರೆ ಮಡಿ. ನಾನು ತಿನ್ನದೆ ಬಟ್ಟಲನ್ನು ತಿರುಗಿಸಿ ನೋಡುತ್ತಿದ್ದೆ.

"ಯಾಕ್ರಿ, ತಗೋಳ್ರಿ" ಎಂದಳು ಆಕೆ.

ಉಸಳಿಯನ್ನು ಅವಳ ತಾಟಿಗೇ ಸುರಿದೆ. "ಇದು ನಮ್ಮ ನಾಯಿ ಬಟ್ಟಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಖಾಲಿ ಬಟ್ಟಲು ಹಿಡಿದು ಇಳಿದು ಬಂದೆ. ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತು.

ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಬೂದಿ, ಹುಣಸೆಹುಳಿ ಹಾಕಿ ತಿಕ್ಕತೊಡಗಿದೆ. ತಿಕ್ಕಿದಷ್ಟೂ ಸಮಾಧಾನವಾಗಲಿಲ್ಲ. ನಾಯಿ ಪಕ್ಕದಲ್ಲಿ ಬಾಲ ಅಲ್ಲಾಡಿಸುತ್ತ ಕಾಯುತ್ತಿತ್ತು. ಕಾಕು ಬಾಗಿಲಿಗೆ ಬಂದು ನಿಂತು ನೋಡಿದರು. ಬಟ್ಟಲನ್ನು ಗುರುತಿಸಿದರೆಂದು ಅವರ ಮುಖದಲ್ಲೇ ತಿಳಿಯಿತು.

"ನಾಯಿಗೆ ಇಡೂ ಬಟ್ಟಲ. ಅದನ್ನ ಅಷ್ಟ್ಯಾಕ ತಿಕ್ಕತಿ?" ಎಂದರು.

"ಎಂಜಲಾಗೇತ್ರಿ, ಕಾಕು" ಎಂದೆ.