ನನ್ನ ಪಾಲಿನ ಜಾಗದಲ್ಲಿ ಮ್ಯಾನೇಜರ್ ಗೃಹಪ್ರವೇಶ

ತೆಲುಗು ನಾಡಿನ ಋಷಿಕೊಂಡದಲ್ಲಿದ್ದ ನಮ್ಮ ಆಫೀಸಿನ ಸರ್ವರ್ ನೋಡಿಕೊಳ್ಳುತ್ತಿದ್ದ ಧಾರವಾಡದ ಮೇಡಂ ಸಿಟ್ಟು ಬಂದರೆ ಕನ್ನಡಕ ತೆಗೆದು ದುಪಟ್ಟಾದಿಂದ ಉಜ್ಜುತ್ತಿದ್ದರು. “ಯಾರ ಸಾಮಾನು ಅವರ ಹೆಸರಿಗೇ ಇರಬೇಕ್ರಿ” ಎನ್ನುವುದು ಅವರ ಮಾತು. ಸರ್ವರಿನಲ್ಲಿ ಒಬ್ಬೊಬ್ಬರಿಗೂ ಇಷ್ಟೇ ಜಾಗವೆಂದು ಮಿತಿ ಹಾಕಿದ್ದೂ ಅವರೇ.

ಒಮ್ಮೆ ನನ್ನ ವರದಿ ಸೇವ್ ಆಗಲೇ ಇಲ್ಲ. ಮೇಡಂ ಹುಡುಕಿದರು. ಮ್ಯಾನೇಜರ್ ನನ್ನ ಕೈಯಲ್ಲಿ ಕಾಪಿ ಮಾಡಿಸಿದ್ದ ತಮ್ಮ ಗೃಹಪ್ರವೇಶದ ವಿಡಿಯೊಗಳೆಲ್ಲ ನನ್ನ ಲೆಕ್ಕದಲ್ಲಿ ಕೂತಿದ್ದವು! “ಇವನ್ನ ನೀವ್ಯಾಕ ಹೊರಬೇಕ್ರಿ?” ಎಂದು ಕನ್ನಡಕ ಉಜ್ಜಿ, ಅಷ್ಟನ್ನೂ ಮ್ಯಾನೇಜರ್ ಹೆಸರಿಗೆ ಬದಲಿಸಿದರು.

ಈಗ ಮ್ಯಾನೇಜರ್ ಬರೆದ ಪತ್ರ ಸೇವ್ ಆಗಲಿಲ್ಲ. “ಏಂಟಮ್ಮಾ ಇದಿ?” ಎಂದು ತೆಲುಗಿನಲ್ಲಿ ಮೇಡಂ ಮೇಲೆ ಕೂಗಾಡಿದರು. ಮರುದಿನವೇ ಆದೇಶ ಬಂತು: ಮ್ಯಾನೇಜರಿಗೆ ಮಿತಿಯೇ ಇಲ್ಲ, ಮೇಡಂಗೆ ವಿಜಯವಾಡಕ್ಕೆ ವರ್ಗ. ಇದು ಯಾವ ಸೀಮೆ ನ್ಯಾಯ? ಮ್ಯಾನೇಜರ್ ಮನೆಯ ಹಾಲು ನಮ್ಮ ಸರ್ವರಿನಲ್ಲಿ ಈಗಲೂ ಉಕ್ಕುತ್ತಲೇ ಇದೆ.